ಅಂಗಳ ಅಗೆಯುವ ಆರ್ಮಡಿಲ್ಲೊ: ಕಲ್ಪನೆ ಮತ್ತು ವಾಸ್ತವ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತ್ಯಗಳಲ್ಲಿ, ವಿಶೇಷತಃ ಟೆಕ್ಸಾಸ್, ಲೂಸಿಯಾನ, ಫ್ಲಾರಿಡಾಗಳಲ್ಲಿ, ಮನೆಯ ಮುಂದಣ ಹುಲ್ಲುಹಾಸಿನ ಪೋಷಣೆಯನ್ನು ಗೃಹಸ್ಥಧರ್ಮದ ಒಂದಂಗವೆಂದೇ ಬಗೆದಿರುವವರಿಗೆ, ಇರುಳೆಲ್ಲ ಅಲ್ಲಿ ಅಲೆದು, ಬೆಳಗಾಗುವಷ್ಟರಲ್ಲಿ ಆಲಿಕೆಯಾಕಾರದ ಹತ್ತಾರು ಕುಳಿಗಳನ್ನು ತೋಡಿಟ್ಟು ಮರೆಯಾಗುವ ಒಂಬತ್ತು ಪಟ್ಟಿಯ ಆರ್ಮಡಿಲ್ಲೊ ಪರಮ ಶತ್ರುವಾಗಿ ತೋರುವುದು ಸಹಜವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕೊ ಕಡೆಯಿಂದ ರಿಯೊ ಗ್ರಾಂಡೆ ನದಿಯನ್ನು ದಾಟಿ ಬಂದ ಈ ಆಗಂತುಕನನ್ನು ಟೆಕ್ಸಾಸ್ 1995ರಲ್ಲಿ ತನ್ನ ಅಧಿಕೃತ ಲಾಂಛನಪ್ರಾಣಿಗಳಲ್ಲೊಂದಾಗಿ ಸ್ವೀಕರಿಸಿತು. ಅಂಗಳ ಕೆಟ್ಟವರು ಆ ಸಂಭ್ರಮದಲ್ಲಿ ಪಾಲುಗೊಂಡಿರಲಾರರು.

ಈ ಪ್ರಾಣಿ ಹುಲ್ಲಿನ ಬೇರನ್ನೂ ಹೂಗಿಡಗಳ ಗೆಡ್ಡೆಯನ್ನೂ ತಿನ್ನಲೆಂದೇ ಬರುತ್ತದೆಂಬುದು ಎಲ್ಲಕ್ಕಿಂತ ಬಲವಾಗಿ ಬೇರೂರಿದ ಭ್ರಮೆ. ಇದರ ಆಹಾರದ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕು ಗೊಣ್ಣೆಹುಳು, ಜೀರುಂಡೆ, ಇರುವೆ, ಎರೆಹುಳು ಮುಂತಾದ ಕ್ಷುದ್ರಜೀವಿಗಳೇ. ದೃಷ್ಟಿ ಮಂದವಾದರೂ ಘ್ರಾಣಶಕ್ತಿ ಅಸಾಧಾರಣವಾದುದರಿಂದ, ಐದಾರು ಅಂಗುಲ ಮಣ್ಣಿನಡಿಯಲ್ಲಿ ಅಡಗಿರುವ ಹುಳುವನ್ನೂ ಅದು ವಾಸನೆಯಿಂದಲೇ ಕಂಡುಕೊಳ್ಳಬಲ್ಲುದು. ಕಿತ್ತುಬಿದ್ದ ಗಿಡ ಆ ಬೇಟೆಯಲ್ಲಿ ನಡುವೆ ಸಿಲುಕಿದ ನಿರಪರಾಧಿ ಮಾತ್ರ.

ಇದನ್ನರಿಯದೆ ಜನರು ಮಾಡುವ ಉಪಚಾರಗಳು ನಗೆ ತರಿಸುವಂತಿವೆ. ನುಸಿಗುಳಿಗೆ, ಮೆಣಸಿನಪುಡಿ, ಹರಳೆಣ್ಣೆ, ಕ್ಷೌರದಂಗಡಿಯ ಕೂದಲು, ಇವನ್ನೆಲ್ಲ ಅಂಗಳದ ಸುತ್ತ ಚೆಲ್ಲಿದರೆ ಆರ್ಮಡಿಲ್ಲೊ ಓಡಿಹೋಗುವುದೆಂದು ಒಬ್ಬರಿಂದೊಬ್ಬರು ಕೇಳಿ ನಂಬಿದ್ದಾರೆ. ಆದರೆ ಇದನ್ನು ನಿಶ್ಚಯವಾಗಿ ದೂರವಿಡಬಲ್ಲ ವಿಕರ್ಷಕ ಯಾವುದೂ ಇಲ್ಲವೆಂಬುದೇ ಅಲ್ಲಿನ ಕೃಷಿ ವಿಸ್ತರಣಾ ತಜ್ಞರ ಅಭಿಪ್ರಾಯ. ನುಸಿಗುಳಿಗೆಯಂತೂ ವಿಷವಸ್ತು, ಮುಚ್ಚಿದ ಬಟ್ಟೆಪೆಟ್ಟಿಗೆಗೆಂದು ತಯಾರಾದುದನ್ನು ಬಯಲಲ್ಲಿ ಚೆಲ್ಲುವುದು, ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯಕರವಾಗಿರುವುದಲ್ಲದೆ, ಆ ದೇಶದ ಕಾನೂನಿಗೂ ವಿರುದ್ಧ.

ಹಾಗಾದರೆ ಹುಳುಗಳನ್ನೇ ಕೊಂದರಾಯಿತಲ್ಲವೆ ಎನ್ನುವವರ ಮಾತು ಅರ್ಧಸತ್ಯ. ಗೊಣ್ಣೆಹುಳು ಸತ್ತರೂ ಎರೆಹುಳುಗಳು ಉಳಿಯುತ್ತವೆ, ಮತ್ತು ಮಣ್ಣಿಗೆ ಉಪಕಾರಿಯಾದ ಅವನ್ನು ಕೊಲ್ಲುವುದು ಅವಿವೇಕ. ನನಗೆ ಹೆಚ್ಚು ಯುಕ್ತವಾಗಿ ಕಾಣುವುದು ನೀರಿನ ಮಿತಿ. ಸುತ್ತಲ ನೆಲವೆಲ್ಲ ಬಿರಿದು ಒಣಗಿರುವಾಗ ಒಂದೇ ಅಂಗಳ ನಿತ್ಯವೂ ತೋಯ್ದು ಮೆತ್ತಗಿದ್ದರೆ, ಹುಳುಗಳು ಅಲ್ಲಿಯೇ ಮೇಲ್ಮಣ್ಣಿಗೆ ಬರುತ್ತವೆ, ಅಗೆಯುವುದೂ ಅಲ್ಲಿಯೇ ಸುಲಭ. ಅತಿಥಿಯನ್ನು ಕರೆದವನು ಮನೆಯ ಯಜಮಾನನೇ ಎಂದಂತಾಯಿತು.

ಬೋನಿನಲ್ಲಿ ಹಣ್ಣನ್ನಿಟ್ಟು ಕಾಯುವುದೂ ಬಹುಮಟ್ಟಿಗೆ ವ್ಯರ್ಥ. ಗೋಡೆ ಬೇಲಿಗಳ ಅಂಚು ಹಿಡಿದು ನಡೆಯುವುದು ಈ ಪ್ರಾಣಿಯ ಅಭ್ಯಾಸವಾದ್ದರಿಂದ, ಬೋನನ್ನು ಆ ದಾರಿಯಲ್ಲಿಯೇ ಇಟ್ಟು, ಬಾಯಿಯ ಎರಡು ಬದಿಗೂ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದರೆ, ಅದು ತಾನಾಗಿಯೇ ಒಳಗೆ ನಡೆಯುವುದುಂಟು. ಶಾಶ್ವತ ಪರಿಹಾರ ಬೇಕೆಂದವರು ನೆಲದ ಮೇಲೆ ಎರಡಡಿ ಎತ್ತರವಿದ್ದು ಹೊರಕ್ಕೆ ವಾಲಿದ, ನೆಲದೊಳಗೆ ಒಂದೂವರೆ ಅಡಿ ಹೂತ ಬೇಲಿಯನ್ನು ಕಟ್ಟಬೇಕು. ಏಕೆಂದರೆ ಇದು ಅಗೆಯುವುದರಲ್ಲಷ್ಟೇ ಅಲ್ಲ, ಹತ್ತುವುದರಲ್ಲಿಯೂ ನಿಪುಣ.

ಹೆದರಿದರೆ ಚೆಂಡಾಗುತ್ತದೆಂಬ ನಂಬಿಕೆಯೂ ಇದಕ್ಕೆ ಸಲ್ಲದು. ಪೂರ್ಣವಾಗಿ ಮುದುಡಿಕೊಳ್ಳುವವು ದಕ್ಷಿಣ ಅಮೆರಿಕದ ಮೂರು ಪಟ್ಟಿಯ ಜಾತಿಗಳು. ಇದು ಬೆಚ್ಚಿದರೆ ಮೂರಡಿ ಮೇಲಕ್ಕೆ ನೆಗೆಯುತ್ತದೆ, ಆದುದರಿಂದಲೇ ಮೋಟಾರುಗಳ ಕೆಳಗೆ ಸಿಕ್ಕಿ ಸಾಯುತ್ತದೆ. ಸುರುಳಿ ಸುತ್ತಿಕೊಳ್ಳುವ ನಮ್ಮ ಚಿಪ್ಪುಹಂದಿಗೂ ಇದಕ್ಕೂ ಹತ್ತಿರದ ಬಾಂಧವ್ಯವಿಲ್ಲ: ಇದರ ಕವಚದೊಳಗೆ ಎಲುಬಿನ ಫಲಕಗಳಿವೆ, ಚಿಪ್ಪುಹಂದಿಯ ಪೊರೆಗಳಾದರೊ ನಮ್ಮ ಉಗುರಿನ ದ್ರವ್ಯದಿಂದಾದವು.

ಕುಷ್ಠರೋಗದ ಭಯ ಪೂರ್ತಿ ನಿರಾಧಾರವಲ್ಲ. ಈ ಪ್ರಾಣಿಯಲ್ಲಿ ಆ ರೋಗಾಣು ಬೆಳೆಯಬಲ್ಲುದೆಂದು 1971ರಲ್ಲಿ ಪ್ರಯೋಗದಿಂದ ತಿಳಿದುಬಂತು. ಕಾಡಿನಲ್ಲಿಯೂ ಕೆಲವು ಪ್ರಾಣಿಗಳಿಗೆ ಸೋಂಕುಂಟು. ಆದರೆ ಕೆಲವಕ್ಕೇ ಹೊರತು ಎಲ್ಲಕ್ಕೂ ಅಲ್ಲ. ಮನುಷ್ಯರಲ್ಲಿ ಬಹುಪಾಲು ಜನಕ್ಕೆ ಸಹಜವಾದ ಪ್ರತಿರೋಧವಿದೆ, ಬಂದರೂ ಔಷಧದಿಂದ ಗುಣವಾಗುತ್ತದೆ. ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು.

ಹಿಡಿದುದನ್ನು ದೂರದ ಕಾಡಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವೆನೆನ್ನುವವರು ಮೊದಲು ತಮ್ಮ ರಾಜ್ಯದ ವನ್ಯಜೀವಿ ಇಲಾಖೆಯನ್ನು ಕೇಳಬೇಕು. ನಿಯಮಗಳು ಒಂದೊಂದೆಡೆ ಒಂದೊಂದು ಬಗೆ. ಬರಿದಾದ ಬಿಲವನ್ನಂತೂ, ಒಳಗೆ ಯಾವ ಜೀವವೂ ಇಲ್ಲವೆಂದು ದೃಢಪಡಿಸಿಕೊಂಡು, ಮಣ್ಣು ತುಂಬಿ ಮುಚ್ಚಿಬಿಡಬೇಕು. ತೆರೆದಿಟ್ಟರೆ ಹಾವೋ ಸ್ಕಂಕೋ ಅದರಲ್ಲಿ ಬಿಡಾರ ಹೂಡೀತು.