ಗುಂಡಿ ತೆಗೆಯುವ ಯಂತ್ರ ಚಳಿಗೆ ಹಠ ಹಿಡಿದಾಗ

ಕಳೆದ ಚಳಿಗಾಲದಲ್ಲಿ ಕಾಟಿಗಳು ನಮ್ಮ ತೋಟದ ಮೇಲ್ಬದಿಯ ಬೇಲಿಯನ್ನು ಮುರಿದಿದ್ದವು. ಹೊಸ ಕಂಬ ನೆಡಲು ಬೆಳಗ್ಗೆ ಏಳಕ್ಕೇ ಇಬ್ಬರು ಆಳುಗಳು ಬಂದರು. ಅಡಿಕೆ ಸೋಗೆಗಳಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಗುಂಡಿ ತೆಗೆಯುವ ಪೆಟ್ರೋಲ್ ಯಂತ್ರದ ಹಗ್ಗವನ್ನು ಒಬ್ಬರಾದ ಮೇಲೊಬ್ಬರು ಎಳೆದರು. ಮೂವತ್ತು ನಲವತ್ತು ಸಲ ಎಳೆದದ್ದಕ್ಕೆ ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. "ಅಯ್ಯ, ಚಳಿಗೆ ಹಿಡ್ಕಂಡಿದೆ. ಸ್ವಲ್ಪ ಬೆಚ್ಚಗೆ ಮಾಡ್ತೀನಿ" ಎಂದು ಕಿರಿಯವನು ಅದನ್ನೆತ್ತಿ ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಟ್ಟ. ನಾನು ಅಲ್ಲೇ ನಿಂತಿದ್ದೆ. ಬೇಡ ಎನ್ನಲಿಲ್ಲ.

ಎರಡು ನಿಮಿಷವೂ ಆಗಿರಲಿಲ್ಲ, ಒಲೆಯ ಬಾಯಿಯಿಂದ ನೆಲದ ಮೇಲೆ ಹರಿದಂತೆ ಬೆಂಕಿ ಬಂದು ಯಂತ್ರಕ್ಕೆ ಹತ್ತಿತು. ಹಸಿ ಗೋಣಿ ಹಾಕಿ ಆರಿಸಿದೆವು. ಅಷ್ಟರಲ್ಲಿ ಆ ಹುಡುಗನ ಬಲಗೈ ಮೊಣಕೈವರೆಗೆ ಬೆಂದಿತ್ತು. ಅವನು ಒಂದೂವರೆ ತಿಂಗಳು ಕೆಲಸಕ್ಕೆ ಬರುವಂತಿರಲಿಲ್ಲ.

ಯಂತ್ರವನ್ನು ಮೆಕ್ಯಾನಿಕ್ ಬಳಿ ಕೊಟ್ಟಾಗ ಆತ ಮೊದಲು ಮಾಡಿದ್ದು, ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಮೇಜಿನ ಮೇಲಿಟ್ಟದ್ದು. ಸ್ವಲ್ಪ ಹೊತ್ತಿಗೆ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಬೇರೊಂದು ಪದರ ಕಾಣಿಸಿತು. ಅದು ನಾನು ಮಳೆಗಾಲಕ್ಕೆ ಮೊದಲು ತುಂಬಿಸಿ ಮರೆತಿದ್ದ ಪೆಟ್ರೋಲು. ಕೆಟ್ಟದ್ದು ಯಂತ್ರವಲ್ಲ, ನನ್ನ ಪೆಟ್ರೋಲು. ಸಂಘದಿಂದ ಬಾಡಿಗೆಗೆ ಹೋದ ಯಂತ್ರಗಳು ಪ್ರತಿ ಚಳಿಗಾಲದಲ್ಲಿಯೂ "ಚಾಲೂ ಆಗುವುದಿಲ್ಲ" ಎಂಬ ದೂರಿನೊಡನೆ ವಾಪಸು ಬರುತ್ತಿರುವುದರಿಂದ ಸದಸ್ಯರ ಮುಂದೆ ಈ ಸಂಗತಿ ಬರೆಯುವುದು ಅಗತ್ಯವೆನಿಸಿದೆ.

ಚಳಿಯ ಪಾಲೆಷ್ಟು, ತೇವದ ಪಾಲೆಷ್ಟು

ಅಮೆರಿಕದ ಮಿನಿಸೋಟ, ಕೆನಡಾ, ಫಿನ್‌ಲೆಂಡ್ ಕಡೆ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವೆ. ಅಲ್ಲಿಯ ಜನ ಇಂಥದೇ ಪೆಟ್ರೋಲ್ ಬೈರಿಗೆಯಿಂದ ಮಂಜುಗಡ್ಡೆ ಕೊರೆದು, ತೂತಿನಲ್ಲಿ ಗಾಳ ಇಳಿಸಿ ಮೀನು ಹಿಡಿಯುತ್ತಾರೆ. ಸೊನ್ನೆಗಿಂತ 20 ಡಿಗ್ರಿ ಕೆಳಗೂ ಆ ಯಂತ್ರಗಳು ಚಾಲೂ ಆಗುತ್ತವೆ. ಹಾಗಿರುವಾಗ ನಮ್ಮ ಹದಿಮೂರು, ಹದಿನಾಲ್ಕು ಡಿಗ್ರಿಯ ಚಳಿಯೊಂದರ ಮೇಲೇ ತಪ್ಪು ಹೊರಿಸುವುದು ನ್ಯಾಯವಲ್ಲ.

ಚಳಿಗೂ ಪಾಲಿದೆ. ಎಂಜಿನ್ನಿನೊಳಗೆ ಉರಿಯುವುದು ದ್ರವವಲ್ಲ, ಪೆಟ್ರೋಲಿನ ಆವಿ. ತಣ್ಣಗಿದ್ದಾಗ ಆವಿ ಕಡಿಮೆ ಏಳುತ್ತದೆ. ಆ ಕೊರತೆ ತುಂಬಲೆಂದೇ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲನ್ನು ಹೆಚ್ಚು ಎಳೆಸುವ ಚೋಕ್ ಇದೆ. ಆದರೆ ನಮ್ಮ ಸೀಮೆಯಲ್ಲಿ ಹೆಚ್ಚಿನ ತೊಂದರೆ ತೇವದ್ದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಿಗೆ ಬಂದಿದೆ. ಎಥನಾಲ್ ಗಾಳಿಯಲ್ಲಿರುವ ನೀರಿನಂಶವನ್ನು ಹೀರುತ್ತದೆ. ಆವಿಯಾಗಲು ಅದಕ್ಕೆ ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ಇರುವುದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ. ಇಂಥ ಕಡೆ ನಾಲ್ಕು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ಕುಳಿತ ಪೆಟ್ರೋಲು ಎಷ್ಟು ನೀರು ಕುಡಿದೀತು ಎಂಬುದನ್ನು ಸದಸ್ಯರೇ ಊಹಿಸಬಹುದು.

ಮಳೆಗಾಲದಲ್ಲಿ ಕುಡಿದ ನೀರು ಸ್ವಲ್ಪ ಕಾಲ ಪೆಟ್ರೋಲಿನಲ್ಲಿ ಕರಗಿಯೇ ಇರುತ್ತದೆ. ಚಳಿ ಹೆಚ್ಚಿದಂತೆ ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಒಂದು ಥಂಡಿ ರಾತ್ರಿ ನೀರೂ ಎಥನಾಲೂ ಕೂಡಿ ತಳಕ್ಕಿಳಿಯುತ್ತವೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದಲೇ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಬೆರೆಸಿದ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ಆದ್ದರಿಂದ ಹೇಗೋ ಚಾಲೂ ಆದರೂ ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ.

ಹಗ್ಗ ಎಳೆಯುವ ಮೊದಲು

ಮೊದಲ ಕೆಲಸ ಗಾಜಿನ ಬಾಟಲಿ ಪರೀಕ್ಷೆ. ತಳದಲ್ಲಿ ಪದರ ಕಂಡರೆ, ಕಲಕಿದಂತಿದ್ದರೆ ಅಥವಾ ಹುಳಿ ವಾಸನೆ ಬಂದರೆ ಪೂರ್ತಿ ತೆಗೆದುಬಿಡಿ. ಹೊಸ ಪೆಟ್ರೋಲಿಗೆ ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟೇ ಆಯಿಲ್ ಬೆರೆಸಿ: 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿಲೀಟರ್, 40ಕ್ಕೆ 1 ಎಂದಿದ್ದರೆ 25, 50ಕ್ಕೆ 1 ಎಂದಿದ್ದರೆ 20. ಕಣ್ಣಂದಾಜು ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ.

ಬಳಿಕ ಸ್ವಿಚ್ ಹಾಕಿ. ಕಾರ್ಬೊರೇಟರಿನ ಬದಿಯ ರಬ್ಬರ್ ಗುಳ್ಳೆಯನ್ನು ಪೆಟ್ರೋಲು ಕಾಣುವವರೆಗೆ ಆರೆಂಟು ಸಲ ಒತ್ತಿ. ಚೋಕ್ ಮುಚ್ಚಿ. ಹಗ್ಗವನ್ನು ಬಿಗಿ ಸಿಗುವವರೆಗೆ ಮೆಲ್ಲಗೆ ಎಳೆದು, ಅಲ್ಲಿಂದ ಒಮ್ಮೆ ಚುರುಕಾಗಿ ಎಳೆಯಿರಿ. ಎಂಜಿನ್ ಒಮ್ಮೆ ಕೆಮ್ಮಿತೋ, ಕೂಡಲೇ ಚೋಕ್ ತೆರೆದು ಮತ್ತೆ ಎಳೆಯಿರಿ. ನಮ್ಮಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕೆಮ್ಮಿದ ಮೇಲೂ ಚೋಕ್ ಮುಚ್ಚಿಕೊಂಡೇ ಎಳೆದರೆ ಒಳಗೆ ಪೆಟ್ರೋಲು ತುಂಬಿ ಪ್ಲಗ್ ನೆನೆಯುತ್ತದೆ. ಹಳೆಯ ಸ್ಕೂಟರನ್ನು ಚಳಿಯ ಬೆಳಗಿನಲ್ಲಿ ವಾಲಿಸಿ ಕಿಕ್ ಹೊಡೆದವರಿಗೆ ಇದು ಹೊಸ ವಿಷಯವಲ್ಲ.

ಎಳೆದೂ ಹತ್ತದಿದ್ದರೆ

ಎಂಟು ಹತ್ತು ಎಳೆತಕ್ಕೂ ಹತ್ತದಿದ್ದರೆ ನಿಲ್ಲಿಸಿ. ರಟ್ಟೆಯ ಬಲದಿಂದ ಆಗುವ ಕೆಲಸ ಅದಲ್ಲ. ಸ್ವಿಚ್ ಆರಿಸಿ, ಪ್ಲಗ್ ಬಿಚ್ಚಿ ನೋಡಿ. ಮುಂದಿನ ದಾರಿಯನ್ನು ಅದೇ ಹೇಳುತ್ತದೆ.

ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಹೆಚ್ಚೇ ಬಂದಿದೆ. ಸ್ವಿಚ್ ಆರಿಸಿಯೇ ಇರಲಿ. ಚೋಕ್ ತೆರೆದು, ಎಕ್ಸಿಲರೇಟರ್ ಪೂರ್ತಿ ಒತ್ತಿ, ಪ್ಲಗ್ ಇಲ್ಲದೆ ಹಗ್ಗವನ್ನು ಹತ್ತು ಸಲ ಎಳೆದರೆ ಒಳಗಿನ ಪೆಟ್ರೋಲು ಹೊರಗೆ ಹಾರುತ್ತದೆ. ಮುಖ ದೂರವಿರಲಿ. ಐದು ನಿಮಿಷ ಬಿಟ್ಟು, ಒರೆಸಿ ಒಣಗಿಸಿದ ಪ್ಲಗ್ ಹಾಕಿ ಚೋಕ್ ಇಲ್ಲದೆ ಎಳೆಯಿರಿ. ಆಗಲೂ ಹತ್ತದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಕಿಡಿ ಪರೀಕ್ಷೆ ಎಂದು ಪೆಟ್ರೋಲಿನ ಹತ್ತಿರ ಕಿಡಿ ಹಾರಿಸುವುದಕ್ಕಿಂತ ಇದು ಕ್ಷೇಮ. ಹೊಸ ಪ್ಲಗ್‌ಗೂ ಬಗ್ಗದಿದ್ದರೆ ಗಾಳಿ ಫಿಲ್ಟರಿನ ಸ್ಪಂಜು ಮತ್ತು ಸೈಲೆನ್ಸರಿನ ಬಾಯಿ ನೋಡಿ. ಕಳೆದ ವರ್ಷ ಸಂಘದ ಒಂದು ಯಂತ್ರದ ಸೈಲೆನ್ಸರಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕಡ್ಡಿಯಿಂದ ಕೆದಕಿ ತೆಗೆದ ಮೇಲೆ ಎರಡನೆಯ ಎಳೆತಕ್ಕೇ ಚಾಲೂ ಆಯಿತು.

ಪ್ಲಗ್ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಮೊದಲು ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ, ರಬ್ಬರ್ ಗುಳ್ಳೆ ಒತ್ತಿ ನೋಡಿ. ಈಗ ಪೆಟ್ರೋಲು ಬಂದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ಆ ತೂತು ಬಿಡಿಸಿ, ಮುಚ್ಚಳ ಬಿಗಿದ ಮೇಲೆಯೇ ಹಗ್ಗ ಎಳೆಯಿರಿ. ನಂತರ ಟ್ಯಾಂಕಿನೊಳಗಿನ ಫಿಲ್ಟರ್, ಆಮೇಲೆ ರಬ್ಬರ್ ಕೊಳವೆ ಬಿರಿದಿದೆಯೇ ಎಂದು ನೋಡಿ. ಇವೆಲ್ಲ ಸರಿಯಿದ್ದರೆ ಕಾರ್ಬೊರೇಟರಿನ ಒಳಗಿನ ತೆಳು ಪೊರೆ ಗಡುಸಾಗಿರಬಹುದು. ಅದು ಮೆಕ್ಯಾನಿಕ್ ಕೆಲಸ. ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಮಾಡಬಾರದ್ದು

ಬೆಂಕಿಯ ಹತ್ತಿರ ಯಂತ್ರವನ್ನು ಒಯ್ಯಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇಳದೆ ನೆಲ ಹಿಡಿದು ಹರಿದು ದೂರದ ಕೆಂಡವನ್ನು ತಲುಪುತ್ತದೆ. ಬೆಚ್ಚಗಾಗಬೇಕಾದರೆ ಅರ್ಧ ಗಂಟೆ ಎಳೆಬಿಸಿಲಿನಲ್ಲಿ ಇಡಿ, ಅಷ್ಟೇ ಸಾಕು. ಅಡಿಕೆ ಬೇಯಿಸುವ ದಿನಗಳಲ್ಲಿ ಒಲೆಯಿರುವ ಅಂಗಳದಲ್ಲಿ ಪೆಟ್ರೋಲು ತುಂಬಿಸಲೂ ಬೇಡಿ.

ಎಕ್ಸಿಲರೇಟರ್ ಒತ್ತಿಕೊಂಡು ಚಾಲೂ ಮಾಡಿದರೆ ಎಂಜಿನ್ ಹತ್ತಿದ ಗಳಿಗೆಯಲ್ಲೇ ಬೈರಿಗೆಯೂ ತಿರುಗುತ್ತದೆ. ಪಂಚೆ, ಟವೆಲು, ಸೀರೆಯ ಸೆರಗು ಹತ್ತಿರ ಇರಬಾರದು. ಕೆಟ್ಟ ಪೆಟ್ರೋಲನ್ನು ಹಳ್ಳಕ್ಕೆ ಸುರಿಯಬೇಡಿ, ಒಲೆ ಹೊತ್ತಿಸಲೂ ಬಳಸಬೇಡಿ. ಮುಚ್ಚಿದ ಡಬ್ಬಿಯಲ್ಲಿ ಮೆಕ್ಯಾನಿಕ್‌ಗೆ ಒಪ್ಪಿಸಿ.

ಕೆಲಸ ಮುಗಿದ ಮೇಲೆ

ಹದಿನೈದು ದಿನಕ್ಕಿಂತ ಹೆಚ್ಚು ಯಂತ್ರ ಬೇಡವೆಂದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒಣ ಜಾಗದಲ್ಲಿ ಇಡಿ. ಪೆಟ್ರೋಲನ್ನು ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ. ಕಳೆ ಕೊಚ್ಚುವ ಯಂತ್ರಕ್ಕೂ ಬೋರ್ಡೋ ಹೊಡೆಯುವ ಪೆಟ್ರೋಲ್ ಪಂಪಿಗೂ ಇದೇ ನಿಯಮ. ಆಷಾಢದಲ್ಲಿ ಮಳೆ ಒಂದು ದಿನ ಹೊಳವಾದಾಗ ಪಂಪು ಹತ್ತದಿದ್ದರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ.

ಬಾಡಿಗೆ ಯಂತ್ರ ಹಿಂದಿರುಗಿಸುವಾಗ ಟ್ಯಾಂಕ್ ಖಾಲಿಯಿರಬೇಕೆಂದು ಸದಸ್ಯರಲ್ಲಿ ಕೋರುತ್ತೇನೆ. ಸಂಘವೂ ಖಾಲಿ ಟ್ಯಾಂಕಿನೊಡನೆಯೇ ಯಂತ್ರ ಕೊಡುತ್ತದೆ. ಜೊತೆಗೊಂದು ಬಿಡಿ ಪ್ಲಗ್, ಪ್ಲಗ್ ಪಾನಾ ಮತ್ತು ಅಳತೆಯ ಲೋಟ ಇರುತ್ತವೆ.

ಆ ಹುಡುಗ ಈಗ ಕೆಲಸಕ್ಕೆ ಬರುತ್ತಿದ್ದಾನೆ. ಕೈ ಮಡಚಲು ಬರುತ್ತದೆ, ಕಲೆ ಉಳಿದಿದೆ. ಮೊನ್ನೆ ಯಂತ್ರ ಹೊರತೆಗೆದಾಗ ಅವನೇ ಒಳಗೆ ಹೋಗಿ ಗಾಜಿನ ಬಾಟಲಿ ತಂದು ನನ್ನ ಮುಂದಿಟ್ಟ. ನಾನು ಅಂದು ಆಡಬೇಕಾಗಿದ್ದ ಒಂದು ಮಾತನ್ನು ಇಂದು ಇಷ್ಟುದ್ದ ಬರೆಯಬೇಕಾಯಿತು. ಸದಸ್ಯರು ತಮ್ಮ ಮನೆಯ ಆಳುಗಳಿಗೂ ಇದನ್ನು ಓದಿ ಹೇಳಬೇಕೆಂದು ವಿನಂತಿ.

— ಕಾರ್ಯದರ್ಶಿ