ಪೀಠಕ್ಕೆ ಮೊದಲು ಪಾಠ

ಪೀಠವೆಂದೊಡನೆ ಅಥಣಿ, ಚಿಕ್ಕೋಡಿ, ರಾಯಬಾಗಗಳ ಕಡೆಯವರಿಗೆ ಮಠ ನೆನಪಾಗುತ್ತದೆ. ವಿದ್ಯೆಗೂ ಪೀಠಗಳುಂಟು. ಅಂಥ ಹಳೆಯ ಪೀಠಗಳಲ್ಲೊಂದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿದೆ. ದೊರೆ ಏಳನೆಯ ಹೆನ್ರಿಯ ತಾಯಿ ಲೇಡಿ ಮಾರ್ಗರೆಟ್ 1502ರಲ್ಲಿ ಧರ್ಮಶಾಸ್ತ್ರದ ಬೋಧನೆಗೆಂದು ದತ್ತಿಯಿಟ್ಟು ಸ್ಥಾಪಿಸಿದ ಆ ಪ್ರಾಧ್ಯಾಪಕ ಪೀಠ ಇಂದಿಗೂ ಆಕೆಯ ಹೆಸರಿನಲ್ಲೇ ನಡೆಯುತ್ತಿದೆ. ಅಲ್ಲಿ ಕೆಲಕಾಲ ಪಾಠ ಹೇಳಿದ ಎರಾಸ್ಮಸ್ ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು 1516ರಲ್ಲಿ ಅಚ್ಚು ಹಾಕಿಸಿದನು.

ಭಕ್ತನು ಕೈಮುಗಿದು ಓದುವ ಗ್ರಂಥವನ್ನು ಪಂಡಿತನು ಅಕ್ಷರ ಅಕ್ಷರವಾಗಿ ಪರೀಕ್ಷಿಸಬಹುದೆ? ಪರೀಕ್ಷಿಸಲೇಬೇಕು. ನಕಲುಗಾರನ ಕಣ್ತಪ್ಪು ಕಾಲಕ್ರಮದಲ್ಲಿ ಗುರುವಾಕ್ಯವೆನಿಸಿಬಿಡುತ್ತದೆ.

ಜೈನ ಆಗಮಗಳಿಗೆ ಈ ಸೇವೆಯನ್ನು ಸಲ್ಲಿಸಿದ ಮಹನೀಯರು ನಮ್ಮ ಚಿಕ್ಕೋಡಿ ತಾಲ್ಲೂಕಿನವರೇ. ದೂಧಗಂಗೆಯ ದಡದ ಸದಲಗದಲ್ಲಿ 1906ರಲ್ಲಿ ಜನಿಸಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಅವರು. ಕಾಗವಾಡ, ನಿಪ್ಪಾಣಿಗಳ ಜೈನರ ಮನೆಗಳಲ್ಲಿ ಮಕ್ಕಳು ಮಾತು ಕಲಿಯುವ ಮುನ್ನವೇ ಕೇಳುವ ಪಂಚನಮಸ್ಕಾರ ಮಂತ್ರದ ನುಡಿ ಪ್ರಾಕೃತ. ಕಿವಿಗೆ ಪರಿಚಿತವಾದರೂ ಅರ್ಥ ಬಲ್ಲವರು ವಿರಳ. ಉಪಾಧ್ಯೆಯವರು ಆ ನುಡಿಗೇ ತಮ್ಮ ಬಾಳನ್ನು ಮುಡಿಪಾಗಿಟ್ಟರು.

1930ರಿಂದ 1962ರವರೆಗೆ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅವರು ಅಧ್ಯಾಪಕರಾಗಿದ್ದರು. ಅಲ್ಲಿದ್ದಾಗಲೇ, 1935ರಲ್ಲಿ, ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಸಂಸ್ಕೃತ ಟೀಕೆಗಳು, ಇಂಗ್ಲಿಷ್ ಅನುವಾದ ಮತ್ತು ದೀರ್ಘ ಪೀಠಿಕೆಯೊಡನೆ ಹೊರತಂದರು. ಯೋಗೀಂದುವಿನ ‘ಪರಮಾತ್ಮಪ್ರಕಾಶ’, ಹರಿಷೇಣನ ‘ಬೃಹತ್ಕಥಾಕೋಶ’, ಉದ್ದ್ಯೋತನನ ‘ಕುವಲಯಮಾಲಾ’ ಒಂದರ ಹಿಂದೊಂದು ಬೆಳಕು ಕಂಡವು. ಒಂದು ಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಮತ್ತೊಂದು. ಯಾವುದು ಕವಿಯದು, ಯಾವುದು ಲಿಪಿಕಾರನದು? ತೀರ್ಪು ಹೇಳಲು ಭಾಷೆ, ಛಂದಸ್ಸು, ಇತಿಹಾಸಗಳ ಜೊತೆಗೆ ತಾಳ್ಮೆಯೂ ಬೇಕು, ಭಕ್ತಿಯೊಂದೇ ಸಾಲದು.

1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರನ್ನು ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಆಗ ಅವರಿಗೆ ಅರವತ್ತೈದು. ನಾಲ್ಕೇ ವರ್ಷ, 1975ರಲ್ಲಿ ಅವರು ಕಾಲವಾದರು. ಪೀಠ ದೊರೆಯುವುದಕ್ಕೆ ಎಷ್ಟೋ ಮೊದಲೇ ಪೀಠದ ಕಾರ್ಯ ಮುಗಿದಿತ್ತು!

ಪ್ರಾಕೃತ ಕಲಿತರೆ ಹೊಟ್ಟೆ ತುಂಬೀತೆ ಎಂದು ತಂದೆತಾಯಿಯರು ಕೇಳುವುದು ಸಹಜ. ಆದರೆ ಓದಬಲ್ಲ ಕಣ್ಣುಗಳೇ ಇಲ್ಲವಾದರೆ ಭಂಡಾರದ ಓಲೆಗಳು ಗೆದ್ದಲಿಗೆ ಗ್ರಾಸ. ದತ್ತಿಯಿಂದ ಪೀಠವನ್ನು ಸ್ಥಾಪಿಸಬಹುದು. ಅದರಲ್ಲಿ ಕುಳ್ಳಿರಬಲ್ಲವರು ಮಾತ್ರ ಸದಲಗದಂಥ ಊರುಗಳ ಮನೆಗಳಿಂದಲೇ ಬರಬೇಕು.