ಕಪಾಟಿನಲ್ಲಿ ಕಾದು ಕುಳಿತ ಭವಿಷ್ಯ

ಪುಸ್ತಕದ ಕಪಾಟಿರುವ ಮನೆಗೆ ಬಂದ ಅತಿಥಿ, ಕಾಫಿಯ ಲೋಟ ಕೈಗೆ ಬರುವ ಮೊದಲೇ ಕೇಳುವ ಪ್ರಶ್ನೆಯೊಂದುಂಟು: "ಇವನ್ನೆಲ್ಲ ಓದಿದ್ದೀರಾ?" ನಿಘಂಟು, ಮಹಾಭಾರತಗಳ ಮಾತಾದರೆ ಗೃಹಸ್ಥನು ಹೇಗೋ ಪಾರಾಗಬಲ್ಲನು, ನಿಘಂಟನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಯಾರಿದ್ದಾರೆ? ಆದರೆ ವೈಜ್ಞಾನಿಕ ಕಾದಂಬರಿಗಳಿಗೂ ಅದ್ಭುತ ಕಥೆಗಳಿಗೂ ಈ ರಿಯಾಯಿತಿ ಸಲ್ಲದು. ಅವು ನಿದ್ದೆಗೆಟ್ಟು ಓದಲೆಂದೇ ಹುಟ್ಟಿದವು. ಅಂಥವೇ ಹೊದಿಕೆ ಮಾಸದೆ ಸಾಲುಗಟ್ಟಿ ನಿಂತಿದ್ದರೆ ಒಡೆಯನ ಮುಖ ಸಪ್ಪಗಾಗುವುದು ಸಹಜ.

ಈ ಪ್ರಶ್ನೆಯನ್ನು ಜೀವಮಾನವಿಡೀ ಎದುರಿಸಿದ ಮಹಾಶಯನೊಬ್ಬ ಅಮೆರಿಕದಲ್ಲಿದ್ದ. ಆತನ ಹೆಸರು ಫಾರೆಸ್ಟ್ ಆಕರ್‌ಮನ್. 1926ರಲ್ಲಿ, ಒಂಬತ್ತು ವರ್ಷದ ಬಾಲಕನಾಗಿದ್ದಾಗ, ಆತ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯ ಒಂದು ಸಂಚಿಕೆಯನ್ನು ಕೊಂಡ. ಅದಕ್ಕೆ ಜೊತೆ ಕೂಡುತ್ತ ಕೂಡುತ್ತ ಪುಸ್ತಕ, ಪತ್ರಿಕೆ, ಚಿತ್ರಪಟ, ಸಿನಿಮಾ ರಾಕ್ಷಸರ ಮುಖವಾಡ ಎಲ್ಲ ಸೇರಿ ಸುಮಾರು 3 ಲಕ್ಷ ವಸ್ತುಗಳಾದವು. ಲಾಸ್ ಏಂಜಲೀಸ್‌ನ 18 ಕೋಣೆಗಳ ಮನೆ ತುಂಬಿತು. ಎಲ್ಲವನ್ನೂ ಓದಿದ್ದೀರಾ ಎಂದವರಿಗೆ, ಕೊನೆಯ ಪದವನ್ನೂ ಬಿಟ್ಟಿಲ್ಲವೆಂದು ಆತ ಉತ್ತರಿಸುತ್ತಿದ್ದನಂತೆ. ಪುಸ್ತಕ ಮನೆಗೆ ಬಂದೊಡನೆ ಕಡೆಯ ಪುಟ ತೆರೆದು ಕಡೆಯ ಪದವೊಂದನ್ನು ಓದಿಬಿಡುವುದೇ ಆ ಉತ್ತರದ ಒಳಗುಟ್ಟು! ಇಳಿವಯಸ್ಸಿನಲ್ಲಿ ಸಂಗ್ರಹದ ಬಹುಭಾಗವನ್ನು ಮಾರಿ ಆತ ಚಿಕ್ಕ ಮನೆಗೆ ಹೋಗಬೇಕಾಯಿತು. 2008ರಲ್ಲಿ ತೀರಿಕೊಂಡ ಮೇಲೆ ಉಳಿದುದೂ ಹರಾಜಿಗೆ ಬಂದಿತು.

ಸಾಮಾನ್ಯರ ಕಪಾಟು ಅಷ್ಟು ದೊಡ್ಡದಲ್ಲ. ತೊಡಕು ಮಾತ್ರ ಅದೇ. ಅದ್ಭುತ ಕಥೆಗಳ ಕರ್ತೃಗಳಿಗೆ ಒಂದು ಸಂಪುಟದಲ್ಲಿ ಕಥೆ ಮುಗಿಸುವುದೆಂದರೆ ಅವಮಾನವೇನೋ! ರಾಬರ್ಟ್ ಜೋರ್ಡನ್‌ನ 'ಕಾಲಚಕ್ರ' ಮಾಲೆ 1990ರಲ್ಲಿ ಆರಂಭವಾಯಿತು. 2007ರಲ್ಲಿ ಲೇಖಕನೇ ಕಾಲವಶನಾದ; ಅವನ ಟಿಪ್ಪಣಿಗಳನ್ನು ಹಿಡಿದು ಇನ್ನೊಬ್ಬ ಲೇಖಕ 2013ರಲ್ಲಿ 14ನೆಯ ಸಂಪುಟಕ್ಕೆ ಮಂಗಳ ಹಾಡಿದ. ಇಂಥ ಮಾಲೆಯ ಎರಡನೆಯ, ನಾಲ್ಕನೆಯ ಸಂಪುಟಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಾವು. ಮೊದಲನೆಯದು ಸಿಗುವುದು ಪೂರ್ವಜನ್ಮದ ಪುಣ್ಯ. ಸಿಕ್ಕಷ್ಟನ್ನು ತಂದಿಟ್ಟು ಸಿಗದುದಕ್ಕಾಗಿ ಕಾಯುವುದರಲ್ಲೇ ವರ್ಷಗಳು ಕಳೆಯುತ್ತವೆ. ಅಗ್ಗದ ಮರದ ತಿರುಳಿನ ಕಾಗದವಾದರೋ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ, ಮಡಿಸಿದಲ್ಲಿ ಮುರಿಯತೊಡಗುತ್ತದೆ.

ವೈಜ್ಞಾನಿಕ ಕಾದಂಬರಿಯ ಸಂಕಟ ಇನ್ನೂ ವಿಚಿತ್ರವಾದುದು. ಓದುಗ ಸಾವಕಾಶ ಮಾಡಿದಷ್ಟೂ ಅದರೊಳಗಿನ ಭವಿಷ್ಯ ಭೂತವಾಗುತ್ತ ಹೋಗುತ್ತದೆ. ಆರ್ವೆಲ್ಲನ 1984 ಬಂದು ಹೋಯಿತು. ಕ್ಲಾರ್ಕನ 2001 ಕೂಡ. ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ಯಂತ್ರಮಾನವರ ಕಥೆ 1992ರಲ್ಲಿ ನಡೆಯುತ್ತದೆ. ಮುಂದಿನ ಕೆಲವು ಮುದ್ರಣಗಳಲ್ಲಿ ಆ ಇಸವಿಯನ್ನು 2021 ಎಂದು ತಿದ್ದಲಾಯಿತು. ಅದೂ ಕಳೆಯಿತು!

ಲೆಕ್ಕವೂ ನಿರ್ದಯವಾದುದು. ತಿಂಗಳಿಗೊಂದು ಪುಸ್ತಕ ಓದುವ ನಲವತ್ತರ ಗೃಹಸ್ಥನು ಎಪ್ಪತ್ತರವರೆಗೆ 360 ಪುಸ್ತಕಗಳನ್ನು ಮುಗಿಸಬಲ್ಲನು. ಕಪಾಟಿನಲ್ಲಿ 400 ಇದ್ದರೆ ನಲವತ್ತು ಪುಸ್ತಕಗಳಿಗೆ ಅವನಿಂದ ಬಿಡುಗಡೆಯಿಲ್ಲ. ಹೊಸದಾಗಿ ಒಂದನ್ನೂ ಕೊಳ್ಳಲಾರನೆಂದು ನಂಬಿದರೆ ಮಾತ್ರ ಈ ಲೆಕ್ಕ. ಹಾಗಾದರೆ ಕಾಲ ಮೀರಿದವನ್ನು ರದ್ದಿಯವನಿಗೆ ಹಾಕಿಬಿಡಬಹುದೆ? ಗೃಹಿಣಿಯರ ಮತ ಈ ವಿಷಯದಲ್ಲಿ ಸಾಮಾನ್ಯವಾಗಿ ಖಚಿತವಾಗಿರುತ್ತದೆ. ಆದರೆ ಹಾಗೆ ಮಾಡುವ ಮುನ್ನ ಜೂಲ್ಸ್ ವರ್ನ್‌ನ ಮನೆತನದಲ್ಲಿ ನಡೆದುದನ್ನು ತಿಳಿಯುವುದು ಒಳ್ಳೆಯದು.

1863ರಲ್ಲಿ ವರ್ನ್ 'ಇಪ್ಪತ್ತನೆಯ ಶತಮಾನದ ಪ್ಯಾರಿಸ್' ಎಂಬ ಕಾದಂಬರಿಯನ್ನು ಬರೆದ. ಅದರ ಕಥೆ ನಡೆಯುವುದು 1960ರಲ್ಲಿ. ಈ ಭವಿಷ್ಯವನ್ನು ಇಂದು ಯಾರೂ ನಂಬಲಾರರೆಂದು ಪ್ರಕಾಶಕ ಹೆಟ್ಜೆಲ್ ಹಸ್ತಪ್ರತಿಯನ್ನು ತಳ್ಳಿಹಾಕಿದ. ಅದು ಮನೆತನದ ತಿಜೋರಿಯೊಂದರಲ್ಲಿ ಬಿದ್ದಿತ್ತು. 1989ರಲ್ಲಿ ಮರಿಮಗ ಅದನ್ನು ಕಂಡ. 1994ರಲ್ಲಿ ಅದು ಅಚ್ಚಾಯಿತು. ಓದುಗರ ಕೈಸೇರುವ ಹೊತ್ತಿಗೆ ಅದರ ಭವಿಷ್ಯಕ್ಕೆ 34 ವರ್ಷ ವಯಸ್ಸಾಗಿತ್ತು!

ಅದರಲ್ಲಿ ಅನಿಲದಿಂದ ಓಡುವ ವಾಹನಗಳಿವೆ, ದೀಪಗಳು ವಿದ್ಯುತ್ತಿನವು. 1863ರಲ್ಲಿ ಬೆರಗು ಹುಟ್ಟಿಸಬಹುದಾಗಿದ್ದ ಈ ಸಂಗತಿಗಳಿಗೆ 1994ರ ಓದುಗ ಹುಬ್ಬೇರಿಸಬೇಕಾಗಿರಲಿಲ್ಲ. ಹಳತಾಗದೆ ಉಳಿದವನು ಮಿಶೆಲ್ ಎಂಬ ತರುಣ. ಲ್ಯಾಟಿನ್ ಪದ್ಯರಚನೆಗೆ ಬಹುಮಾನ ಪಡೆದು, ಅದಕ್ಕಾಗಿಯೇ ನಗೆಪಾಟಲಾದವನು. ಪುಸ್ತಕದಂಗಡಿಗೆ ಹೋಗಿ ವಿಕ್ಟರ್ ಹ್ಯೂಗೋವಿನ ಕೃತಿಗಳನ್ನು ಕೇಳುತ್ತಾನೆ. ಅಂಗಡಿಯವನಿಗೆ ಆ ಹೆಸರೇ ಗೊತ್ತಿಲ್ಲ. ಲೆಕ್ಕ, ಯಂತ್ರ, ವ್ಯಾಪಾರ ಬಲ್ಲವರಿಗಷ್ಟೇ ಅನ್ನ ಹುಟ್ಟುವ ಆ ನಗರದಲ್ಲಿ, ಕೊನೆಯ ಕಾಸನ್ನು ನಲ್ಲೆಗಾಗಿ ಹೂವಿಗೆ ಕೊಟ್ಟು ಹೋದರೆ ಅವಳ ಮನೆ ಬರಿದಾಗಿದೆ. ಕಡೆಗೆ ಅವನು ಸ್ಮಶಾನದ ಹಿಮದಲ್ಲಿ ಕುಸಿದು ಬೀಳುತ್ತಾನೆ.

ಪುಸ್ತಕ ಹೊರಬಂದ ವರ್ಷ ಪ್ಯಾರಿಸ್ಸಿನಲ್ಲಿ ಹ್ಯೂಗೋವಿನ ಕೃತಿಗಳಿಗೇನೂ ಬರವಿರಲಿಲ್ಲ.